ಹಸಿರು ಕಾಲರು

ಜೂನ್ 3, ಸೋಮವಾರ

ಈ ಪುಸ್ತಕ ಕೊಟ್ಟವಳು ಹೆಂಡತಿ. ಗಿರಾಕಿಗಳ ಅಳತೆ ಬರೆದುಕೊಳ್ಳಲು ತಂದಿದ್ದು, ಮುಕ್ಕಾಲು ಖಾಲಿ ಉಳಿದಿತ್ತು. "ನಿಮ್ಮ ಗೊಣಗಾಟಾನ ಇದರಲ್ಲಿ ಬರೆದು ಮುಚ್ಚಿಡಿ. ಆಸ್ಪತ್ರೇಲಿ ದಿನವಿಡೀ ರೋಗಿಗಳ ಗೊಣಗಾಟ ಕೇಳಿರ್ತೀನಿ. ಅವರಾದ್ರೂ ಒಂದಿನ ವಾಸಿಯಾಗಿ ಹೋಗ್ತಾರೆ, ನೀವು ಮನೇಲೇ ಇರ್ತೀರಿ" ಎಂದಳು. ನರ್ಸ್ ಕೊಟ್ಟಿದ್ದಾಳೆಂದ ಮೇಲೆ ಔಷಧಿಯೆಂದೇ ತಿಳಿದು ಬರೆಯಬೇಕು.

ಇವತ್ತಿನ ಗೊಣಗಾಟ: ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವನು ಇಡೀ ಶಾಲೆಯ ಮುಂದೆ ಬೆಪ್ಪನಾದೆ. ನಮ್ಮ ಅಂಗಡಿಯ ಎದುರಿಗಿರುವ ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬುದಿಲ್ಲ. ಏಳು ಮೆಟ್ಟಿಲುಗಳಿವೆ. ಮಗುವಿಗೆ ಎಷ್ಟು ವಯಸ್ಸು ಎಂದು ಕೇಳುವುದಿಲ್ಲ, ಎಷ್ಟು ಬರುತ್ತದೆ ಎಂದು ನೋಡಿ ಮೆಟ್ಟಿಲು ಕೊಡುತ್ತಾರೆ. ಎಲ್ಲರಿಗೂ ತೋಳಿಲ್ಲದ ಬೂದು ಕೋಟು, ಕಾಲರಿಗೆ ಆಯಾ ಮೆಟ್ಟಿಲಿನ ಬಣ್ಣ. ಬಿಳಿ, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ತುದಿಯಲ್ಲಿ ಕೆಂಪು. ಈ ವರ್ಷ ಕೋಟಿನ ಕೆಲಸ ನನಗೆ ಸಿಕ್ಕಿತು, ಮೊದಲಿಗೆ ಹಳದಿಯವರ ಹೊಸ ಕೋಟು. ಹಳದಿ ಮೂರನೇ ಮೆಟ್ಟಿಲು ತಾನೇ ಎಂದು ಹದಿಮೂರು ಕೋಟನ್ನೂ ಎಂಟು ವರ್ಷದವರ ಅಳತೆಗೆ ಕತ್ತರಿಸಿದೆ. ಒಂದು ಮಗುವಿಗೂ ಟೇಪು ಹಿಡಿಯಲಿಲ್ಲ. ನನ್ನಷ್ಟು ಅನುಭವ ಇರುವವನಿಗೆ ಟೇಪು ಯಾಕೆ?

ಬೆಳಿಗ್ಗೆ ಕೋಟು ಹಂಚಿದರು. ಹಳದಿಯಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇದ್ದಾಳೆ, ನನಗಿಂತ ಎರಡು ಬೆರಳು ಎತ್ತರ. ಕೋಟು ಅವಳ ಪಕ್ಕೆಲುಬಿಗೇ ಮುಗಿದುಹೋಯಿತು. ಆರು ವರ್ಷದ ಇನ್ನೊಬ್ಬನನ್ನು ಕೋಟಿನೊಳಗೆ ಹುಡುಕಬೇಕಾಯಿತು.

"ನಮ್ಮಲ್ಲಿ ಮೆಟ್ಟಿಲಿಗೂ ಮೈಗೂ ಸಂಬಂಧ ಇಲ್ಲ ಅಂತ ಮೊದಲ ದಿನಾನೇ ಹೇಳಿದ್ನಲ್ಲ?" ಎಂದರು ಹೆಡ್ ಮೇಡಂ.

ಹೇಳಿದ್ದರು. ನಾನು ತಲೆ ಆಡಿಸಿದ್ದೆ. ತಲೆ ಆಡಿಸುವುದಕ್ಕೆ ಕೇಳಿಸಿಕೊಂಡಿರಬೇಕೆಂಬ ನಿಯಮ ಏನೂ ಇಲ್ಲವಲ್ಲ.

ಜೂನ್ 5, ಬುಧವಾರ

ಹದಿಮೂರು ಮಕ್ಕಳ ಅಳತೆ ಹೊಸದಾಗಿ ತೆಗೆದೆ. ಎತ್ತರದ ಹುಡುಗಿಗೆ ಮನಸ್ಸಿನಲ್ಲೇ ಏಣಿ ಎಂದು ಹೆಸರಿಟ್ಟಿದ್ದೇನೆ. ಅವಳ ಭುಜಕ್ಕೆ ಟೇಪು ಇಡಲು ಸ್ಟೂಲು ಹತ್ತಬೇಕೇನೋ ಅನ್ನಿಸಿತು. ಹೋದ ವರ್ಷದವರೆಗೆ ಶಾಲೆಯ ಮುಖವನ್ನೇ ನೋಡಿರಲಿಲ್ಲವಂತೆ.

"ಚಿಕ್ಕವರ ಮಧ್ಯೆ ಕೂತು ಮಗ್ಗಿ ಹೇಳೋಕೆ ನಾಚಿಕೆ ಆಗಲ್ವೇನಮ್ಮ?" ಎಂದು ಕೇಳಿದೆ. ಬಾಯಿಗೆ ಗುಂಡಿ ಹೊಲಿದುಕೊಳ್ಳುವ ಕಲೆ ನನಗೆ ಇನ್ನೂ ಬಂದಿಲ್ಲ.

"ಆಯ್ತು ಅಂಕಲ್, ಮೊದಲ ವಾರ. ಆಮೇಲೆ ಮಗ್ಗಿ ಬಂತು" ಎಂದಳು.

ನನ್ನ ಮಗಳು ಹಸಿರು. ಹನ್ನೆರಡು ವರ್ಷ, ಉದ್ದಕ್ಕೆ ತೆಳ್ಳಗೆ ಇರುವುದರಿಂದ ಅವಳನ್ನು ಸೂಜಿ ಎಂದು ಕರೆಯುತ್ತೇವೆ. ನಮ್ಮ ಸೂಜಿ ಹಸಿರು ಎಂದು ಏಣಿಗೂ ಹೇಳಿದೆ. ಅವಳು ಕೇಳಿರಲಿಲ್ಲ.

ಜೂನ್ 14, ಶುಕ್ರವಾರ

ಮೇಲಿನ ಮನೆಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಮಗನಿಗೆ ಒಂಬತ್ತು ವರ್ಷ, ಅದೇ ಶಾಲೆ, ಕಾಲರು ನೀಲಿ. ಅವನನ್ನು ಪ್ರೊಫೆಸರ್ ಎಂದು ಕರೆಯಬೇಕೆಂದು ಅಕ್ಕನೇ ಕಟ್ಟಪ್ಪಣೆ ಮಾಡಿದ್ದಾಳೆ. ನಮ್ಮ ಹುಡುಗಿಗಿಂತ ಮೂರು ವರ್ಷ ಚಿಕ್ಕವನು, ಒಂದು ಮೆಟ್ಟಿಲು ಮೇಲೆ. ಅಕ್ಕ ಅದನ್ನು ಹೇಳುವುದಿಲ್ಲ. ಅವನ ಕೋಟನ್ನು ಮಾತ್ರ ಒಗೆದು, ನಮ್ಮ ಬಾಗಿಲಿನ ಎದುರಿಗೇ, ಕಾಲರು ಹೊರಮುಖವಾಗಿ ಒಣಹಾಕುತ್ತಾಳೆ.

"ಹಸಿರು ಅಂದ್ರೆ ನಿಧಾನವಾಗಿ ಯೋಚಿಸೋ ಮಕ್ಕಳಿಗೆ ಅಂತಕ್ಕಾ" ಎಂದೆ ಇವತ್ತು. ಇದನ್ನು ಯಾರೂ ನನಗೆ ಹೇಳಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ನಂಬಿಕೆ ಬಂತು.

ಜುಲೈ 12, ಶುಕ್ರವಾರ

ಅಂಗಡಿಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಈ ಶಾಲೆಯ ಪದ್ಧತಿಯನ್ನು ಬರೆದುಬಿಡುತ್ತೇನೆ, ನಾಳೆ ನನಗೇ ನಂಬಿಕೆ ಬಾರದಿರಬಹುದು. ಆರು ವಾರಕ್ಕೊಮ್ಮೆ ಪರೀಕ್ಷೆ. ಯಾರು ಮೇಲಕ್ಕೆ ಹೋದರು, ಯಾರು ಕೆಳಕ್ಕೆ ಬಂದರು ಎಂದು ಗೋಡೆಗೆ ಹಚ್ಚಿದರೆ ಮಕ್ಕಳಿಗೆ ನೋವಾಗುತ್ತದಂತೆ. ಆದ್ದರಿಂದ ಕೊರಳಿಗೆ ಹಚ್ಚುತ್ತಾರೆ. ಶುಕ್ರವಾರ ತೊಂಬತ್ತೆರಡು ಕೋಟುಗಳೂ ಮೂಟೆಯಾಗಿ ನನ್ನ ಅಂಗಡಿಗೆ ಬರುತ್ತವೆ. ಜೊತೆಗೆ ಅಂಟು ಹಾಕಿದ ಲಕೋಟೆಯಲ್ಲಿ ಒಂದು ಚೀಟಿ. ಚೀಟಿಯಲ್ಲಿ ಕೋಟಿನೊಳಗಿನ ನಂಬರು ನೋಡಿ ಬಣ್ಣ ಬದಲಾಗಬೇಕಾದ ಕಾಲರುಗಳನ್ನು ಬಿಚ್ಚಿ ಹೊಸದು ಹೊಲಿಯಬೇಕು. ಭಾನುವಾರ ಸಂಜೆ ಎಲ್ಲ ಕೋಟು ವಾಪಸು. ಸೋಮವಾರ ಮೇಷ್ಟ್ರುಗಳು ಕಾಲರು ನೋಡಿ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಅಂದರೆ ಯಾವ ಮಗು ಎಲ್ಲಿ ಎಂಬುದು ಹೆಡ್ ಮೇಡಂ ಬಿಟ್ಟರೆ ಎರಡು ದಿನ ನನಗೊಬ್ಬನಿಗೇ ಗೊತ್ತು. ಹೋದ ವಾರ ಇದನ್ನು ನೆನೆದು ಕನ್ನಡಿ ಮುಂದೆ ಸ್ವಲ್ಪ ಎದೆ ಉಬ್ಬಿಸಿದ್ದೆ ಕೂಡ.

ಇವತ್ತು ಲಕೋಟೆ ಒಡೆದೆ. ನಲವತ್ತೊಂದನೇ ನಂಬರು, ನೀಲಿಯಿಂದ ನೇರಳೆಗೆ. ಅದು ಪ್ರೊಫೆಸರ್. ಐವತ್ತಾರನೇ ನಂಬರು, ಹಸಿರಿನಿಂದ ಹಳದಿಗೆ.

ಐವತ್ತಾರು ನಮ್ಮ ಸೂಜಿ.

ಜುಲೈ 14, ಭಾನುವಾರ

ಹದಿನೇಳು ಕಾಲರು ಬದಲಾಗಬೇಕಿತ್ತು. ಹದಿನಾರು ಬದಲಾದವು.

ತಪ್ಪು ಮಾಡಲಿಲ್ಲ, ಒಂದು ಕೆಲಸವನ್ನು ಮಾಡಲಿಲ್ಲ ಅಷ್ಟೇ. ಮಾಡದ ಕೆಲಸಕ್ಕೆ ಯಾರಾದರೂ ಬೈಯುತ್ತಾರೆಯೇ? ಹೆಂಡತಿ ದಿನಾ ಬೈಯುತ್ತಾಳೆ, ಆ ಮಾತು ಬೇರೆ. ಹನ್ನೆರಡು ವರ್ಷದ ಹುಡುಗಿ ಎಂಟರವರ ಜೊತೆ ಕೂರುವುದು, ಅಕ್ಕ ಮೇಲಿಂದ ಇಣುಕಿ "ಅಯ್ಯೋ, ಹಳದೀನಾ?" ಎಂದು ಮೃದುವಾಗಿ ಕೇಳುವುದು. ಆ ಮೃದು ದನಿಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಮುಂದಿನ ಪರೀಕ್ಷೆಯೊಳಗೆ ಹುಡುಗಿ ಹೇಗೂ ಸರಿಹೋಗುತ್ತಾಳೆ. ಚೀಟಿಯನ್ನು ಗುಂಡಿ ಡಬ್ಬಿಯ ತಳದಲ್ಲಿ ಇಟ್ಟಿದ್ದೇನೆ.

ಸಂಜೆ ಸೂಜಿಗೆ ಅವಳ ಕೋಟು ಕೊಟ್ಟೆ. ಕಾಲರನ್ನು ತುಂಬಾ ಹೊತ್ತು ನೋಡಿದಳು. ತಿರುಗಿಸಿ ಒಳಗಿನ ನಂಬರು ನೋಡಿದಳು. ಮತ್ತೆ ಕಾಲರು ನೋಡಿದಳು.

"ಇದು ನಂದೇನಾ ಅಪ್ಪ?"

"ನಿಂದೇ! ಹಸಿರು!" ಎಂದೆ. ಖುಷಿಗೆ ಮಾತೇ ಹೊರಡಲಿಲ್ಲ ಪಾಪ, ಸುಮ್ಮನೆ ಒಳಗೆ ಹೋದಳು.

ಜುಲೈ 22, ಸೋಮವಾರ

ಹಸಿರು ಮೆಟ್ಟಿಲಿನ ಕೋಣೆಯಲ್ಲಿ ಇರುವುದು ಹದಿನಾರು ಕುರ್ಚಿ. ಮಕ್ಕಳು ಹದಿನೇಳು ಆಗಿದ್ದಾರಂತೆ. ಹೇಗಾದರೆಂದು ಅಲ್ಲಿ ಪಾಠ ಮಾಡುವ ಕನ್ನಡಕದ ಮೇಷ್ಟ್ರಿಗೆ ಗೊತ್ತಾಗುತ್ತಿಲ್ಲವಂತೆ, ದಿನಾ ಎರಡು ಸಲ ಎಣಿಸುತ್ತಾರಂತೆ. ಕೊನೆಗೆ ಬಂದವರಿಗೆ ಬಾಗಿಲ ಹತ್ತಿರ ಸ್ಟೂಲು. ಸೂಜಿ ದಿನಾ ಕೊನೆಗೇ ಹೋಗುತ್ತಾಳಂತೆ. ಬೇಗ ಹೊರಡಬಾರದೇ ಎಂದು ನಾಲ್ಕು ಮಾತು ಬುದ್ಧಿ ಹೇಳಿದೆ.

ಮನೆಪಾಠ ನಾನೇ ಹೇಳಿಕೊಡುತ್ತೇನೆಂದು ಕೂತೆ. ದಿನವಿಡೀ ಅರ್ಧ ಇಂಚು, ಕಾಲಿಂಚು, ಅರೆಕಾಲಿಂಚು ಎಂದು ಆಡುವವನಿಗೆ ಭಿನ್ನರಾಶಿ ಎಷ್ಟರ ಲೆಕ್ಕ? ಮೊದಲ ಪ್ರಶ್ನೆ: ಒಂದು ಬಟ್ಟೆಯನ್ನು ಐದು ಸಮಭಾಗ ಮಾಡಿ ಎರಡು ತೆಗೆದುಕೊಂಡರೆ ದೊಡ್ಡದೋ, ಏಳು ಸಮಭಾಗ ಮಾಡಿ ಮೂರು ತೆಗೆದುಕೊಂಡರೆ ದೊಡ್ಡದೋ? ಟೇಪು ನೋಡಿದೆ. ಟೇಪಿನಲ್ಲಿ ಐದೂ ಇಲ್ಲ, ಏಳೂ ಇಲ್ಲ.

"ಇಂಥ ಬಟ್ಟೆ ಯಾರೂ ಹೊಲಿಸಲ್ಲ ಮಗಳೇ" ಎಂದೆ.

"ಮೇಷ್ಟ್ರು ಇದನ್ನೆಲ್ಲ ಬರತ್ತೆ ಅಂದ್ಕೊಂಡು ಮುಂದೆ ಹೋಗ್ಬಿಟ್ಟಿದಾರೆ. ನಂಗೆ ಇದೇ ಬರಲ್ಲ."

"ಬರತ್ತೆ ಬಿಡು. ಹಸಿರು ಅಂದ್ರೆ ನಿಧಾನವಾಗಿ ಯೋಚಿಸೋರು" ಎಂದೆ. ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. ಅರ್ಥವಾಗಿರಬೇಕು.

ಆಗಸ್ಟ್ 2, ಶುಕ್ರವಾರ

ಸೂಜಿಗೆ ಬೆಳಿಗ್ಗೆ ಹೊಟ್ಟೆನೋವು. ಎರಡು ವಾರದಿಂದ ಇದೆ.

"ಸೋಮವಾರ ಶುರುವಾಗಿ ಶುಕ್ರವಾರ ನಿಲ್ಲೋ ಹೊಟ್ಟೆನೋವನ್ನ ನಾನು ನಮ್ಮ ಆಸ್ಪತ್ರೇಲಿ ನೋಡಿಲ್ಲ" ಎಂದಳು ಹೆಂಡತಿ. ನನ್ನ ಕಡೆ ನೋಡಿಕೊಂಡೇ ಹೇಳಿದಳು. ಹಾಲು ಸರಿಯಿಲ್ಲ, ಹಾಲು ಹಾಕುವವನನ್ನು ಬದಲಾಯಿಸೋಣ ಎಂದೆ.

ಮಧ್ಯಾಹ್ನ ಏಣಿ ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ಬಂದಿದ್ದಳು. ಕೋಟು ಹೊಲಿದು ಎರಡು ತಿಂಗಳಾಗಿಲ್ಲ, ಇನ್ನೂ ಎತ್ತರವಾಗಿದ್ದಾಳೆ. ಕಾಯುತ್ತಾ ಕೂತು ಏನೋ ಗುಣಾಕಾರವನ್ನು ತನ್ನಷ್ಟಕ್ಕೆ ತಾನೇ ಹೇಳಿಕೊಂಡು ನಗುತ್ತಿದ್ದಳು. ಕೆಳಗಿನ ಮಡಿಕೆ ಬಿಚ್ಚಿ ಒಂದು ಇಂಚು ಇಳಿಸಿಕೊಟ್ಟೆ. ಅವಳು ಕೇಳಿರಲಿಲ್ಲ. ಯಾಕೆ ಮಾಡಿದೆನೋ, ಕೈ ಖಾಲಿ ಇತ್ತು.

ಆಗಸ್ಟ್ 9, ಶುಕ್ರವಾರ

ಸೂಜಿಯ ಬೂದು ಲಂಗ ಸೊಂಟದಲ್ಲಿ ಜಾರುತ್ತಿದೆ, ಪಿನ್ನು ಹಾಕಿಕೊಂಡು ಓಡಾಡುತ್ತಿದ್ದಾಳೆ. ದರ್ಜಿಯ ಮಗಳು ಪಿನ್ನು ಹಾಕಿಕೊಂಡರೆ ಊರು ಏನೆಂದೀತು? ಟೇಪು ಹಿಡಿದೆ. ಜೂನ್‌ನಲ್ಲಿ ಇಪ್ಪತ್ತಮೂರೂವರೆ, ಇವತ್ತು ಇಪ್ಪತ್ತೆರಡು. ಒಗೆದು ಒಗೆದು ಬಟ್ಟೆ ಹಿಗ್ಗಿರಬೇಕು. ಎರಡು ಮಡಿಕೆ ಹಿಡಿದು ಹೊಲಿದುಕೊಟ್ಟೆ.

ಆಗಸ್ಟ್ 10, ಶನಿವಾರ

ಹತ್ತಿ ಬಟ್ಟೆ ಹಿಗ್ಗುವುದಿಲ್ಲ. ಕುಗ್ಗುತ್ತದೆ. ಅದೂ ಅಲ್ಲದೆ ನಾನು ಟೇಪು ಹಿಡಿದಿದ್ದು ಲಂಗಕ್ಕಲ್ಲ, ಹುಡುಗಿಗೆ.

ಇಪ್ಪತ್ತೆರಡು ವರ್ಷದ ಅನುಭವ!

ಬೆಳಿಗ್ಗೆ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸೂಜಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಕೂತಿದ್ದಳು. "ಶಾಲೆ ಹೇಗಿದೆ?" ಎಂದೆ, ಯಾವಾಗಲೂ ಕೇಳುವ ಹಾಗೆ. ಯಾವಾಗಲೂ "ಚೆನ್ನಾಗಿದೆ" ಎನ್ನುತ್ತಾಳೆ. ಇವತ್ತು ಹಾಗೆನ್ನಲಿಲ್ಲ. ಗುಂಡಿಗಳ ಕಡೆಯೇ ನೋಡುತ್ತಾ ಹೇಳಿದಳು.

"ಅಪ್ಪ, ಆ ಪರೀಕ್ಷೇಲಿ ನಾನು ನಾಲ್ಕನೇ ಲೆಕ್ಕ ಆದ್ಮೇಲೆ ಏನೂ ಬರೆದಿಲ್ಲ. ಪೂರ್ತಿ ಖಾಲಿ. ಕೆಳಗೆ ಹೋಗ್ತೀನಿ ಅಂತ ಗೊತ್ತಿತ್ತು. ಹೋದ್ರೆ ಭಿನ್ನರಾಶಿ ಮೊದಲಿಂದ ಹೇಳ್ಕೊಡ್ತಾರೆ ಅಂತ ಕಾಯ್ತಿದ್ದೆ. ಹಸಿರು ಹೇಗೆ ಉಳೀತೋ ಗೊತ್ತಿಲ್ಲ. ಈಗ ಮೇಷ್ಟ್ರು ಏನು ಕೇಳಿದ್ರೂ ನಂಗೆ ಬರಲ್ಲ. ಎಲ್ರೂ ತಿರುಗಿ ಸ್ಟೂಲು ನೋಡ್ತಾರೆ."

ಅವಳ ಕೈಯಲ್ಲಿದ್ದ ಡಬ್ಬಿಯ ತಳದಲ್ಲೇ ಚೀಟಿ ಇತ್ತು. "ಚಹಾ ಕುಡೀತೀಯಾ?" ಎಂದು ಕೇಳಿದೆ. ಅವಳು ಹುಟ್ಟಿದಾಗಿನಿಂದ ಚಹಾ ಕುಡಿದವಳಲ್ಲ.

ಆಗಸ್ಟ್ 13, ಮಂಗಳವಾರ

ಇವತ್ತು ಹೇಳಬೇಕೆಂದಿದ್ದೆ. ಗಿರಾಕಿಗಳು ಜಾಸ್ತಿ.

ಆಗಸ್ಟ್ 14, ಬುಧವಾರ

ಗಿರಾಕಿಗಳು ಇರಲಿಲ್ಲ. ಹೇಳಲಿಲ್ಲ.

ಆಗಸ್ಟ್ 17, ಶನಿವಾರ

ಹೇಳಿದೆ. ಮೊದಲು ಹೆಂಡತಿಗೆ ಹೇಳಿ ಅವಳ ಕೈಲಿ ಹೇಳಿಸೋಣ ಎಂದುಕೊಂಡಿದ್ದೆ. ಹೆಂಡತಿ ಪೂರ್ತಿ ಕೇಳಿ, "ಆ ಹೊಟ್ಟೆನೋವಿಗೆ ಹಾಲು ಹಾಕೋನನ್ನ ಬಿಡಿಸಿದ್ರಲ್ಲ" ಎಂದು ಮಾತ್ರ ಅಂದು, ಮಗಳನ್ನು ಕರೆದು ನನ್ನೆದುರು ಕೂರಿಸಿ ಆಸ್ಪತ್ರೆಗೆ ಹೊರಟುಹೋದಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಸುಮಾರು ಹೊತ್ತು ಮಾತಾಡಿದೆ. ದಾರ ಮುಗಿದಿತ್ತು, ಬೆಳಕು ಸಾಲದಾಗಿತ್ತು, ನಂಬರು ಮಸುಕಾಗಿತ್ತು. ಸೂಜಿ ಕೇಳುತ್ತಲೇ ಇದ್ದಳು. ಕಡೆಗೆ ಡಬ್ಬಿ ಬೋರಲು ಹಾಕಿ ಚೀಟಿಯನ್ನು ಅವಳ ಕೈಗಿಟ್ಟೆ. ಐವತ್ತಾರನೇ ನಂಬರಿನ ಮೇಲೆ ಬೆರಳಿಟ್ಟು ಓದಿದಳು.

"ನೀನು ಬೇಕೂಂತಲೇ ಬಿಟ್ಟಿದ್ದಾ?"

"ಹೂಂ."

"ಯಾಕೆ?"

"ನಿನಗೆ ನಾಚಿಕೆ ಆಗ್ಬಾರ್ದು ಅಂತ."

"ನಂಗಾ?"

ನಾನು ಕತ್ತರಿ ನೋಡಿದೆ. ಕತ್ತರಿ ಏನೂ ಸಹಾಯ ಮಾಡಲಿಲ್ಲ. "ನಂಗೆ" ಎಂದೆ. "ಅತ್ತೆ ಮುಂದೆ."

"ಅತ್ತೆ ಬಂದು ನನ್ನ ಸ್ಟೂಲ್ ಮೇಲೆ ಕೂರಲ್ವಲ್ಲ ಅಪ್ಪ" ಎಂದಳು. ಆಮೇಲೆ ಅತ್ತಳು. ಸದ್ದಿಲ್ಲದೆ ಅಲ್ಲ, ಜೋರಾಗಿ, ಮೂರು ವರ್ಷದವಳಿದ್ದಾಗ ಅಳುತ್ತಿದ್ದ ಹಾಗೆ. ಹತ್ತಿರ ಹೋದೆ, ಕೈ ತಳ್ಳಿದಳು. ಐದು ವಾರ ಈ ಮಗು ನಾನು ಹೊಲಿಯದ ಒಂದು ಕಾಲರನ್ನು ಹೊತ್ತುಕೊಂಡು ಓಡಾಡಿದೆ. ನನ್ನ ಬಗ್ಗೆ ನನಗೆ ಇಷ್ಟು ಅಸಹ್ಯ ಎಂದೂ ಆಗಿರಲಿಲ್ಲ, ಇದರಲ್ಲಿ ತಮಾಷೆ ಮಾಡಲು ನನಗೆ ಏನೂ ಸಿಗುತ್ತಿಲ್ಲ.

ಅಳು ನಿಂತ ಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಹಳದಿ ಬಟ್ಟೆ ಇದ್ಯಾ?"

"ಕೊಡು, ಹತ್ತು ನಿಮಿಷದಲ್ಲಿ ಹೊಲಿದು..."

"ನೀನು ಮುಟ್ಬೇಡ."

ಹಸಿರು ಕಾಲರನ್ನು ತಾನೇ ಬಿಚ್ಚಿದಳು. ಹಳದಿಯನ್ನು ಕೈಹೊಲಿಗೆಯಲ್ಲಿ ತಾನೇ ಹಾಕಿದಳು. ಎರಡು ಗಂಟೆ ಹಿಡಿಯಿತು. ಎಡಗಡೆ ಅರ್ಧ ಇಂಚು ಏರಿದೆ, ಬಲಗಡೆ ನೆರಿಗೆ ಬಿದ್ದಿದೆ, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು ಉದ್ದ. ನಾನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

ಆಗಸ್ಟ್ 19, ಸೋಮವಾರ

ಬೆಳಿಗ್ಗೆ ಸೊಟ್ಟ ಹಳದಿ ಕಾಲರು ಹಾಕಿಕೊಂಡು ರಸ್ತೆ ದಾಟಿ ಹೋದಳು. ಶಾಲೆಯ ಗೇಟಿನಲ್ಲಿ ಏಣಿ ನಿಂತಿದ್ದಳು, ಕಾಲರು ನೋಡಿ ಏನೋ ಕೇಳಿದಳು. ಇಬ್ಬರೂ ಒಟ್ಟಿಗೆ ಒಳಗೆ ಹೋದರು.

ಅವರ ಹಿಂದೆಯೇ ನಾನೂ ಹೋದೆ, ಹೆಡ್ ಮೇಡಂ ಕೋಣೆಗೆ. ಚೀಟಿಯನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದೆ. ಶನಿವಾರ ಅಭ್ಯಾಸ ಆಗಿದ್ದರಿಂದ ಈ ಸಲ ದಾರ, ಬೆಳಕು ಯಾವುದೂ ಮಧ್ಯೆ ಬರಲಿಲ್ಲ. ಅವರು ಕನ್ನಡಕದ ಮೇಷ್ಟ್ರನ್ನು ಕರೆಸಿದರು.

"ಮೇಡಂ, ನಾನು ಮೂರು ಸಲ ಬಂದು ಹೇಳಿದ್ದೆ, ಹದಿನೇಳು ಇದಾರೆ ಅಂತ" ಎಂದರು ಮೇಷ್ಟ್ರು.

"ಹೇಳಿದ್ರಿ. ಎಣಿಸೋಕೆ ಬರಲ್ವಾ ಅಂತ ನಾನೇ ಕೇಳಿದ್ದೆ" ಎಂದರು ಮೇಡಂ. ಮೂವರ ಮುಖವೂ ಇಂಗು ತಿಂದ ಮಂಗದ ಹಾಗಾಗಿತ್ತು. ಐದು ವಾರ ಎಲ್ಲರೂ ಕಾಲರು ನೋಡಿದ್ದೇವೆ, ಅದರ ಮೇಲಿದ್ದ ಮುಖವನ್ನು ಯಾರೂ ನೋಡಿರಲಿಲ್ಲ. ನಾನಂತೂ ದಿನಾ ಎದುರಿಗೆ ಕೂತು ಊಟ ಮಾಡಿದವನು.

ಇನ್ನು ಮುಂದೆ ಚೀಟಿ ನನಗೆ ಕಳಿಸುವುದಿಲ್ಲವಂತೆ, ಕಾಲರಿನ ಕೆಲಸ ಬೇರೆಯವರಿಗೆ. ಹೊಸ ಕೋಟು ಮಾತ್ರ ನನ್ನದು. "ನೀವಾಗೇ ಬಂದು ಹೇಳಿದ್ದಕ್ಕೆ ಅಷ್ಟಾದರೂ ಉಳಿಸ್ತಿದೀನಿ" ಎಂದರು. ತಲೆ ಆಡಿಸಿದೆ, ಈ ಸಲ ಕೇಳಿಸಿಕೊಂಡು.

ಆಗಸ್ಟ್ 20, ಮಂಗಳವಾರ

ಅಕ್ಕ ಇಳಿದು ಬಂದಳು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಸೂಜಿ ಶಾಲೆಯಿಂದ ಬಂದು ಕೋಟು ಬಿಚ್ಚದೆ ಮೂಲೆಯಲ್ಲಿ ಬರೆಯುತ್ತಾ ಕೂತಿದ್ದಳು.

"ಅಯ್ಯೋ, ಹಳದೀನಾ?" ಎಂದಳು ಅಕ್ಕ. ಅದೇ ಮೃದು ದನಿ.

"ಹೂಂ, ಹಳದಿ" ಎಂದೆ. ನೆಲ ಬಾಯಿ ಬಿಡಲಿಲ್ಲ, ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

ಅಕ್ಕ ಹತ್ತಿರ ಹೋಗಿ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದಳು. "ಇದೇನೋ ಇದು, ಇಷ್ಟು ಸೊಟ್ಟ! ಯಾರು ಹೊಲಿದಿದ್ದು?"

ಗಿರಾಕಿಗಳಿಬ್ಬರೂ ತಿರುಗಿ ನೋಡಿದರು. ಸೂಜಿ ಪೆನ್ಸಿಲು ನಿಲ್ಲಿಸಿ ನನ್ನ ಕಡೆ ನೋಡಿದಳು.

"ನಮ್ಮ ಅಂಗಡಿ ಕೆಲಸಾನೇ ಅಕ್ಕ" ಎಂದೆ.

ಗಿರಾಕಿಗಳಲ್ಲಿ ಒಬ್ಬರು ತಮ್ಮ ಬಟ್ಟೆಯನ್ನು ಮಡಿಸಿ, ನಾಳೆ ಬರುತ್ತೇನೆಂದು ಹೇಳಿ ಹೋದರು. ಬರುವ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ತುಂಬಾ ದಿನ ಬರೆದಿಲ್ಲ. ಗೊಣಗಲು ಏನೂ ಇರಲಿಲ್ಲವೆಂದಲ್ಲ, ನೆನಪಾಗಲಿಲ್ಲ. ಹಾಲು ಹಾಕುವವನಿಗೆ ಕ್ಷಮೆ ಕೇಳಿ ವಾಪಸು ಕರೆಸಿದ್ದೇನೆ. ಲಂಗಕ್ಕೆ ಹಿಡಿದಿದ್ದ ಎರಡು ಮಡಿಕೆಯಲ್ಲಿ ಒಂದನ್ನು ಇವತ್ತು ಬಿಚ್ಚಿದೆ. ಸೊಂಟ ಇಪ್ಪತ್ತೆರಡೂ ಮುಕ್ಕಾಲು. ಅಕ್ಕನ ಮನೆಯ ಕೋಟು ಈಗ ಯಾವ ಬಣ್ಣವೋ, ಒಣಹಾಕಿದ್ದು ಕಂಡಿತು, ನೋಡಲು ಮರೆತೆ.

ಸೂಜಿ ನನ್ನ ಜೊತೆ ಪೂರ್ತಿ ಮೊದಲಿನ ಹಾಗಿಲ್ಲ. ಕೋಟನ್ನು ರಿಪೇರಿಗೆ ಕೊಡುವುದಿಲ್ಲ, ತಾನೇ ಹೊಲಿದುಕೊಳ್ಳುತ್ತಾಳೆ. ಇವತ್ತು ಮಾತ್ರ ತಾನಾಗಿ ಬಂದು ಹಳದಿ ಬಟ್ಟೆಯ ಎರಡು ಉದ್ದ ತುಂಡು ಕೇಳಿದಳು. ಒಂದನ್ನು ಐದು ಮಡಿಕೆ, ಇನ್ನೊಂದನ್ನು ಏಳು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿದಳು.

"ಏಳರಲ್ಲಿ ಮೂರೇ ದೊಡ್ಡದು ಅಪ್ಪ, ಸ್ವಲ್ಪ. ಬಟ್ಟೆ ಇಲ್ದೇನೂ ಹೇಳ್ಬಹುದು. ಎರಡನ್ನೂ ಮೂವತ್ತೈದು ಭಾಗ ಮಾಡ್ಬೇಕು. ಯಾಕೆ ಮೂವತ್ತೈದು ಅಂದ್ರೆ..." ಎಂದು ಶುರುಮಾಡಿ ಸರಸರನೆ ಹೇಳುತ್ತಾ ಹೋದಳು. ಹದಿನಾಲ್ಕು ಬಂತು, ಹದಿನೈದು ಬಂತು, ನನಗೆ ಎಲ್ಲಿಂದ ಬಂದವೋ ತಿಳಿಯಲಿಲ್ಲ. ತಲೆ ಆಡಿಸಿದೆ.

"ತಲೆ ಆಡಿಸ್ಬೇಡ. ಗೊತ್ತಾಯ್ತಾ?"

"ಗೊತ್ತಾ... ಇಲ್ಲ" ಎಂದೆ. "ಗೊತ್ತಾಗ್ಲಿಲ್ಲ."

ಸೂಜಿ ನಕ್ಕಳು. ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತು, ಮಡಿಸಿದ್ದ ಬಟ್ಟೆಯನ್ನು ಪೂರ್ತಿ ಬಿಚ್ಚಿ, ಮೊದಲಿನಿಂದ ಶುರುಮಾಡಿದಳು.